ತಂತ್ರಾಂಶ ಲೈಬ್ರರಿಗಳ ಆವೃತ್ತಿಸಂಖ್ಯಾವಿಚಾರ

ಪ್ರಾಚೀನ ಗ್ರಂಥಗಳನ್ನು ಪರಿಶೋಧಿಸುವವರು ಒಂದು ಪಾಠವನ್ನು ಉದಾಹರಿಸುವ ಮೊದಲು ಅದು ಯಾವ ಪ್ರತಿಯದೆಂಬುದನ್ನು ನಿರ್ಣಯಿಸುವರು. ಗಣಕಯಂತ್ರದ ಪ್ರೋಗ್ರಾಮುಗಳಿಗೂ ಈ ನಿಯಮವು ಆವಶ್ಯಕವೇ ಆಗಿದೆ. ಅನೇಕ ಪ್ರೋಗ್ರಾಮುಗಳಿಗೆ ಸಮಾನವಾಗಿ ಬೇಕಾದ ಕಾರ್ಯಗಳನ್ನು ಒಂದೆಡೆ ಬರೆದಿಟ್ಟ ಸಂಗ್ರಹಕ್ಕೆ ಲೈಬ್ರರಿಯೆಂದು ಹೆಸರು. ಇದು ಕಾಲಕಾಲಕ್ಕೆ ತಿದ್ದುಪಡಿ ಹೊಂದಿ ಹೊಸ ಆವೃತ್ತಿಯಾಗಿ ಹೊರಡುವುದರಿಂದ, ತನಗೆ ದೊರೆತ ಆವೃತ್ತಿ ಯಾವುದೆಂಬುದನ್ನು ಪ್ರೋಗ್ರಾಮು ತಾನೇ ಕೇಳಿ ತಿಳಿಯುವಂತಿರಬೇಕು.

ಸಂಖ್ಯೆಯು ಕೈಪಿಡಿಯಲ್ಲಿ ಅಚ್ಚಾಗಿದ್ದರೆ ಸಾಲದೆ ಎಂದು ಆಕ್ಷೇಪಿಸಬಹುದು. ಸಾಲದು, ಕೈಪಿಡಿಯನ್ನು ಓದುವವನು ಮನುಷ್ಯನೇ ಹೊರತು ಓಡುತ್ತಿರುವ ಪ್ರೋಗ್ರಾಮಲ್ಲ. ರಿಚರ್ಡ್ ಹಿಪ್ ಎಂಬವರು ೨೦೦೦ನೆಯ ಇಸವಿಯಲ್ಲಿ ಪ್ರಕಟಿಸಿದ ಎಸ್‌ಕ್ಯೂಲೈಟ್ ಎಂಬ ದತ್ತಸಂಗ್ರಹ ಲೈಬ್ರರಿಯು ಈ ವಿಷಯದಲ್ಲಿ ಉತ್ತಮ ನಿದರ್ಶನವಾಗಿದೆ.

ಇದರಲ್ಲಿ ಸಂಖ್ಯೆಯು ಎರಡು ಸ್ಥಾನಗಳಲ್ಲಿ ದೊರೆಯುವುದು. ಮೊದಲನೆಯದು ಹೆಡರ್ ಕಡತದಲ್ಲಿರುವ ಸ್ಥಿರಸಂಖ್ಯೆ. ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗ, ಎಂದರೆ ಯಂತ್ರಭಾಷೆಗೆ ಪರಿವರ್ತಿಸುವಾಗ, ಅದು ಅಚ್ಚೊತ್ತಿದಂತೆ ಪ್ರೋಗ್ರಾಮಿನಲ್ಲಿಯೇ ನಿಂತುಬಿಡುವುದು. ಎರಡನೆಯದು, ಓಡುವ ವೇಳೆಯಲ್ಲಿ ಒಂದು ಫಂಕ್ಷನನ್ನು ಕರೆದಾಗ ಲೈಬ್ರರಿಯೇ ಕೊಡುವ ಉತ್ತರ. ಕಂಪೈಲಾದ ಯಂತ್ರವೊಂದು, ಓಡುವ ಯಂತ್ರವೊಂದಾದಾಗ ಇವೆರಡೂ ಭಿನ್ನವಾಗಬಹುದು. ದಾಖಲೆಯಿದ್ದರೆ ತಿದ್ದುವ, ಇಲ್ಲದಿದ್ದರೆ ಸೇರಿಸುವ ‘ಅಪ್‌ಸರ್ಟ್’ ಎಂಬ ವಾಕ್ಯರಚನೆಯು ೨೦೧೮ರಲ್ಲಿ ೩.೨೪.೦ ಆವೃತ್ತಿಯೊಡನೆ ಬಂದಿತು. ಈ ಆವೃತ್ತಿಯ ಹೆಡರನ್ನೇ ನಂಬಿದ ಪ್ರೋಗ್ರಾಮು, ೩.೨೨.೦ ಇರುವ ಯಂತ್ರದಲ್ಲಿ ಆ ವಾಕ್ಯವನ್ನು ಪ್ರಯೋಗಿಸಿದರೆ, ಲೈಬ್ರರಿಯು ಅದನ್ನು ವ್ಯಾಕರಣದೋಷವೆಂದು ತಿರಸ್ಕರಿಸುವುದು. ಸೇರಬೇಕಾದ ದಾಖಲೆಯು ಸೇರದೆ ಹೋಗುವುದು. ಫಂಕ್ಷನನ್ನು ಕೇಳಿ ತಿಳಿದ ಪ್ರೋಗ್ರಾಮಾದರೋ ಹಳೆಯ ಮಾರ್ಗದಿಂದಲೇ ಕಾರ್ಯವನ್ನು ಸಾಧಿಸೀತು.

ಸಂಖ್ಯೆಯ ರೂಪವೂ ವಿಚಾರಾರ್ಹವಾದುದು. ‘೩.೯.೦’, ‘೩.೧೦.೦’ ಎಂಬಿವನ್ನು ಕೇವಲ ಅಕ್ಷರಪಂಕ್ತಿಗಳೆಂದು ಒಂದೊಂದೇ ಅಕ್ಷರವಾಗಿ ಹೋಲಿಸಿದರೆ, ೯ರ ಎದುರಿಗೆ ಬರುವುದು ೧ ಆದುದರಿಂದ, ೨೦೧೫ರ ೩.೯.೦ ಆವೃತ್ತಿಯೇ ೨೦೧೬ರ ೩.೧೦.೦ಕ್ಕಿಂತ ಹೊಸದೆಂಬ ಭ್ರಾಂತಿಯುಂಟಾಗುವುದು. ಇದಕ್ಕೆ ಎಡೆಯಿಲ್ಲದಂತೆ ಎಸ್‌ಕ್ಯೂಲೈಟು ಮೊದಲನೆಯ ಭಾಗವನ್ನು ಹತ್ತು ಲಕ್ಷದಿಂದಲೂ ಎರಡನೆಯದನ್ನು ಸಾವಿರದಿಂದಲೂ ಗುಣಿಸಿ, ಮೂರನೆಯದನ್ನು ಕೂಡಿಸಿ, ಒಂದೇ ಪೂರ್ಣಾಂಕವನ್ನೂ ಕೊಡುತ್ತದೆ. ೩೦೦೯೦೦೦ ಎಂಬುದು ೩೦೧೦೦೦೦ಕ್ಕಿಂತ ಕಡಮೆಯೆಂಬಲ್ಲಿ ಸಂದೇಹವಿಲ್ಲ.

ಹೆಡರಿನ ಸಂಖ್ಯೆಯು ಪ್ರೋಗ್ರಾಮನ್ನು ರಚಿಸಿದಾಗ ಇದ್ದ ಪ್ರತಿಯನ್ನೂ, ಫಂಕ್ಷನಿನ ಸಂಖ್ಯೆಯು ಈಗ ಕೈಗೆ ದೊರೆತಿರುವ ಪ್ರತಿಯನ್ನೂ ಸೂಚಿಸುವುವು. ಒಂದನ್ನು ಮತ್ತೊಂದರ ಸ್ಥಾನದಲ್ಲಿ ಪ್ರಮಾಣವಾಗಿ ಗ್ರಹಿಸಲಾಗದು. ಆದುದರಿಂದ ಎರಡನ್ನೂ ಹೋಲಿಸಲು ಬರುವ ರೂಪದಲ್ಲಿ ಒದಗಿಸುವುದು ಲೈಬ್ರರಿಕರ್ತೃವಿನ ಕರ್ತವ್ಯವೆಂದು ತಿಳಿಯತಕ್ಕದ್ದು.