ಗೋಡೆಯ ಕೋವಿ ಖಾಲಿಯೇ?

ಸಹೋದರಿಯರೇ, ಕೊಡಗು, ಮಲೆನಾಡಿನ ತೋಟದ ಮನೆಗಳಲ್ಲಿ ಹಂದಿಗಳಿಂದ ಬೆಳೆ ಕಾಯಲು ಇಟ್ಟ ಕೇಪಿನ ಕೋವಿಯನ್ನು ನೀವು ನೋಡಿರಬಹುದು. ಅದು ಗಂಡಸರ ವಸ್ತುವೆಂದು ನಾವು ಸುಮ್ಮನಿರುತ್ತೇವೆ. ಆದರೆ ಅದು ಇರುವುದು ನಿಮ್ಮ ಮಕ್ಕಳು ಓಡಾಡುವ ಮನೆಯಲ್ಲೇ ಅಲ್ಲವೇ?

ತೋಟಾ ಕೋವಿಯನ್ನು ಮಡಚಿ ತೋಟಾ ತೆಗೆದರೆ ಅದು ಖಾಲಿ. ಕೇಪಿನ ಕೋವಿ ಹಾಗಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆಸಿದ ಕರಿಮದ್ದನ್ನು ನಳಿಗೆಯ ಬಾಯಿಂದಲೇ ಸುರಿದು, ನಾರು ತುರುಕಿ, ಚರೆ ಅಥವಾ ಗುಂಡು ಹಾಕಿ, ಗಜವೆಂಬ ಸರಳಿನಿಂದ ಬಿಗಿಯುತ್ತಾರೆ. ಹಿಂಬದಿಯಲ್ಲಿ ಕೂರಿಸಿದ ಕೇಪಿಗೆ ಕುದುರೆ ಬಡಿದಾಗ ಹುಟ್ಟುವ ಕಿಡಿ ಮದ್ದಿಗೆ ತಾಗುತ್ತದೆ. ಕೇಪು ತೆಗೆದರೂ ಮದ್ದು, ಗುಂಡು ಒಳಗೇ ಉಳಿಯುತ್ತವೆ. ತಿಂಗಳುಗಳ ನಂತರವೂ ಅದು ಸಿಡಿಯಬಲ್ಲದು.

ತಿಳಿಯುವುದು ಹೇಗೆ? ಖಾಲಿ ನಳಿಗೆಯಲ್ಲಿ ಗಜ ಎಷ್ಟು ಇಳಿಯುತ್ತದೆಂದು ಮೊದಲೇ ಗುರುತು ಹಾಕಿಡುತ್ತಾರೆ. ಆ ಗುರುತಿನವರೆಗೆ ಗಜ ಇಳಿಯದಿದ್ದರೆ ಒಳಗೇನೋ ಇದೆಯೆಂದೇ ಅರ್ಥ. ಈ ಪರೀಕ್ಷೆಯನ್ನು ಕೋವಿ ಬಲ್ಲವರೇ ಮಾಡಲಿ. ಕುದುರೆ ಬಡಿದೂ ಸಿಡಿಯದ ಕೋವಿಯ ಬಾಯಿಗೆ ಯಾರೂ ಇಣುಕಬಾರದು. ಅದು ತಡವಾಗಿ ಸಿಡಿಯುವುದುಂಟು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ ಮುಂದುವರಿಸಿತು. ಉಳಿದವರಿಗೆ ಪರವಾನಗಿ ಬೇಕು. ಆದರೆ ಎಚ್ಚರಿಕೆಯಿಂದ ಯಾರಿಗೂ ವಿನಾಯಿತಿ ಇಲ್ಲ.

ಹಾಗಾದರೆ ನೀವೇನು ಮಾಡಬೇಕು? ತೋಟದಿಂದ ಮರಳಿದವರು ಕೋವಿಯನ್ನು ಗೋಡೆಗೆ ಒರಗಿಸುವ ಮುನ್ನ, "ತುಂಬಿದೆಯೇ?" ಎಂದು ಕೇಳಿ. ಕೋವಿಗೆ ಬೀಗ ಹಾಕಿಸಿ. ಮದ್ದು, ಕೇಪುಗಳನ್ನು ಒಲೆಯಿಂದ ದೂರ, ಬೇರೆ ಕಡೆ ಬೀಗದೊಳಗೆ ಇಡಿಸಿ. ಕೇಳಲು ಸಂಕೋಚವೇಕೆ? ಮನೆ ನಿಮ್ಮದೂ ಹೌದಲ್ಲವೇ?