ಗೋಕಾಕದ ಕರೆಂಟು, ಅರಳಿಕಟ್ಟೆಯ ಜಗಳ

ಬೆಳಗಾವಿ ಜಿಲ್ಲೆಯ ಗೋಕಾಕ ಫಾಲ್ಸ್ ನೋಡಲು ಹೋದವರು ಮೂರು ಮಾತು ಕೇಳಿಸಿಕೊಂಡೇ ಬರುತ್ತಾರೆ. ಘಟಪ್ರಭಾ ನದಿ ಇಲ್ಲಿ 52 ಮೀಟರ್ ಎತ್ತರದಿಂದ ಧುಮುಕುತ್ತದೆ ಎಂಬುದು ಒಂದು. ತೂಗುಸೇತುವೆ ಬ್ರಿಟಿಷರ ಕಾಲದ್ದು ಎಂಬುದು ಇನ್ನೊಂದು. ಮೂರನೆಯದು ಸ್ವಲ್ಪ ಎದೆಯುಬ್ಬಿಸಿ ಹೇಳುವ ಮಾತು: ‘ಏಷ್ಯಾ ಖಂಡದಾಗ ಮೊದಲ ಕರೆಂಟ್ ತಯಾರಾಗಿದ್ದು ಇಲ್ಲೇ ರೀ, 1887ರಾಗ.’

ಶಿವನಸಮುದ್ರಕ್ಕೆ ಹೋಗಿ. ಅಲ್ಲಿಯೂ ಇದೇ ಮಾತು, ಇಸವಿ ಮಾತ್ರ 1902. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್‌ನವರು 1897ರ ನವೆಂಬರ್ 10 ಎಂದು ತಾರೀಕು ಸಮೇತ ಹೇಳುತ್ತಾರೆ. ಈ ಮೂರು ಊರಿನವರು ಅವರವರ ಊರಲ್ಲಿ ಅವರವರ ಮಾತು ಹೇಳಿಕೊಂಡಿದ್ದರೆ ಯಾರಿಗೂ ತೊಂದರೆ ಇಲ್ಲ. ಆದರೆ ಮೂವರೂ ಸೇರಿ ಒಂದೇ ಪುಟ ಬರೆಯಬೇಕಾಗಿ ಬಂದರೆ?

ವಿಕಿಪೀಡಿಯದಲ್ಲಿ ಪ್ರತಿದಿನ ಆಗುವುದು ಇದೇ. ಅಲ್ಲಿ ಬರೆಯುವವರಿಗೆ ಸಂಬಳ ಇಲ್ಲ, ಹುದ್ದೆ ಇಲ್ಲ. ಒಬ್ಬರು ಮೇಷ್ಟ್ರು, ಒಬ್ಬರು ಅಂಗಡಿಯವರು, ಒಬ್ಬಳು ಕಾಲೇಜು ಹುಡುಗಿ, ಇನ್ನೊಬ್ಬರು ಗಲ್ಫಿನಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಕೂತವರು. ಅಂಚೆಚೀಟಿ ಸಂಗ್ರಹಿಸುವ ಹಾಗೆ ಇದೂ ಒಂದು ಹವ್ಯಾಸ. ಇಂಗ್ಲಿಷ್‌ನಲ್ಲಿ ಇದು ಶುರುವಾದದ್ದು 2001ರ ಜನವರಿ 15ರಂದು. ಕನ್ನಡದಲ್ಲಿ 2003ರ ಜೂನ್‌ನಲ್ಲಿ. ಕನ್ನಡದವರು ತಮ್ಮ ಸಾಮಾನ್ಯ ಚರ್ಚೆಯ ಜಾಗಕ್ಕೆ ಇಟ್ಟ ಹೆಸರು ಚೆನ್ನಾಗಿದೆ: ಅರಳಿಕಟ್ಟೆ. ಊರ ಕಟ್ಟೆಯಲ್ಲಿ ನಡೆಯುವುದೆಲ್ಲಾ ಅಲ್ಲಿಯೂ ನಡೆಯುತ್ತದೆ, ಮುನಿಸು ಸಮೇತ.

ಯಾರದೋ ಹವ್ಯಾಸ, ನಮಗೇನು ಎಂದು ಕೇಳಬಹುದು. ನಮ್ಮ ಮನೆಯ ಮಕ್ಕಳು ಶಾಲೆಯ ಪ್ರಾಜೆಕ್ಟ್‌ಗೆ ‘ಬ್ಯಾರಿ’ ಎಂದು ಫೋನಿನಲ್ಲಿ ಹುಡುಕಿದರೆ ಮೊದಲಿಗೇ ಕಾಣಿಸುವ ಪುಟಗಳಲ್ಲಿ ಅದೂ ಒಂದು. ಈಗ ಫೋನೇ ಬಾಯಿಬಿಟ್ಟು ಉತ್ತರ ಹೇಳುವ ಕಾಲ ಬಂದಿದೆ. ಆ ಉತ್ತರದ ಬೇರು ಕೂಡ ಎಷ್ಟೋ ಸಲ ಅದೇ ಪುಟದಲ್ಲಿರುತ್ತದೆ. ಹಾಗಾಗಿ ಅಲ್ಲಿಯ ಜಗಳ ಹೇಗೆ ಮುಗಿಯುತ್ತದೆ ಎಂಬುದು ನಮ್ಮ ಮನೆಯ ವಿಷಯವೂ ಹೌದು.

ಗೋಕಾಕದ ಜಗಳವನ್ನೇ ತಗೊಳ್ಳಿ. ಇದನ್ನು ಓಟು ಹಾಕಿ ತೀರ್ಮಾನ ಮಾಡುವಂತಿಲ್ಲ. ಗೋಕಾಕದವರು ನೂರು ಜನ ಬಂದು ಕೈ ಎತ್ತಿದರೂ ಇಸವಿ ಬದಲಾಗುವುದಿಲ್ಲ. ಅಲ್ಲಿ ನಡೆಯುವುದು ಆಧಾರ. ಯಾವ ಪುಸ್ತಕ, ಯಾವ ವರದಿ, ಯಾವ ಪತ್ರಿಕೆ? ಬರೆದವರು ಯಾರು? ಆಧಾರ ಕೇಳುತ್ತಾ ಹೋದ ಹಾಗೆ ಒಂದು ವಿಷಯ ಬಿಚ್ಚಿಕೊಳ್ಳುತ್ತದೆ: ಮೂವರೂ ಒಂದೇ ಮಾತು ಆಡುತ್ತಿಲ್ಲ. ಸಿದ್ರಾಪೊಂಗ್‌ನ 130 ಕಿಲೋವಾಟ್ ಡಾರ್ಜಿಲಿಂಗ್ ಪಟ್ಟಣದ ದೀಪ ಉರಿಸಲು. ಶಿವನಸಮುದ್ರದ ಕರೆಂಟು 90 ಮೈಲಿಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅದರ ಹೆಚ್ಚುಗಾರಿಕೆ ಆ ದೂರದಲ್ಲಿದೆ. ಗೋಕಾಕದಲ್ಲಿ ನೀರಿನ ಬಲ ಬಳಸಿದ್ದು ಪಕ್ಕದ ಬಟ್ಟೆ ಗಿರಣಿಗೆ. ಅದರಲ್ಲೂ, ಬೀಳುವ ನೀರಿನಿಂದ ಗಿರಣಿಯ ಚಕ್ರ ತಿರುಗಿಸುವುದೇ ಬೇರೆ, ಅದೇ ನೀರಿನಿಂದ ವಿದ್ಯುತ್ ತಯಾರಿಸುವುದೇ ಬೇರೆ. 1887ರಲ್ಲಿ ಆದದ್ದು ಯಾವುದು ಎಂಬುದಕ್ಕೆ ಆ ಕಾಲದ ದಾಖಲೆ ಇಟ್ಟು ಮಾತಾಡಬೇಕು. ಒಂದರ ಆಧಾರವನ್ನು ಇನ್ನೊಂದಕ್ಕೆ ಹಚ್ಚಿದರೆ ಜಗಳ ಮುಗಿಯುವುದೇ ಇಲ್ಲ.

ಇನ್ನೊಂದು ತಮಾಷೆ ಇದೆ. ನಾವು ನಾವೇ ‘ಏಷ್ಯಾದಲ್ಲೇ ಮೊದಲು’ ಎಂದು ಹೊಡೆದಾಡುವಾಗ ಜಪಾನ್ ಕೂಡ ಏಷ್ಯಾದಲ್ಲೇ ಇದೆ ಎಂಬುದು ಮರೆತುಹೋಗಿರುತ್ತದೆ. ಕ್ಯೋಟೋ ನಗರದ ಕೆಆಗೆ ಜಲವಿದ್ಯುತ್ ಕೇಂದ್ರ ಶುರುವಾದದ್ದು 1891ರಲ್ಲಿ. ಅಲ್ಲಿಗೆ ಡಾರ್ಜಿಲಿಂಗೂ ಶಿವನಸಮುದ್ರವೂ ‘ಏಷ್ಯಾ’ದ ಸ್ಪರ್ಧೆಯಿಂದ ಹೊರಗೆ. ಎರಡು ಊರಿನವರ ಹಠದ ನಡುವೆ ಮೂರನೆಯವರು ಬಂದು ಶಾಂತವಾಗಿ ಒಂದು ಇಸವಿ ಇಟ್ಟು ಹೋದರೆ ಎಷ್ಟೋ ವಿವಾದ ಹೀಗೆ ತಣ್ಣಗಾಗುತ್ತದೆ. ಉಳಿಯುವ ವಾಕ್ಯ ಸಣ್ಣದಾಗುತ್ತದೆ, ಆದರೆ ಅದನ್ನು ಯಾರೂ ಅಳಿಸುವುದಿಲ್ಲ.

ಅಳಿಸುವ ವಿಷಯಕ್ಕೆ ಬರೋಣ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಾರೆ, ಮೊದಲಿನವರು ಮತ್ತೆ ಹಾಕುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದಕ್ಕೆ ಒಂದು ಕಟ್ಟು ಇದೆ: ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರು ಸಲಕ್ಕಿಂತ ಹೆಚ್ಚು ಬೇರೆಯವರ ಕೆಲಸ ರದ್ದು ಮಾಡಿದರೆ ಅವರನ್ನು ತಡೆಹಿಡಿಯಬಹುದು. ಗಮನಿಸಿ, ನೀವು ಹೇಳಿದ್ದು ಸರಿ ಇದ್ದರೂ ಈ ನಿಯಮ ತಪ್ಪುವುದಿಲ್ಲ. ಸರಿ ಎಂದು ಗೊತ್ತಿರುವವನಿಗೇ ಸಿಟ್ಟು ಜಾಸ್ತಿ, ಅಲ್ವಾ? ನಾಲ್ಕನೆಯ ಸಲ ಕೈ ಹಾಕುವ ಬದಲು ಅದೇ ಪುಟದ ‘ಚರ್ಚೆ’ ಎಂಬ ಕೊಂಡಿಗೆ ಹೋಗಿ ಬರೆಯಬೇಕು. ಅಲ್ಲಿ ಮಾತು ಪುಟದ ಬಗ್ಗೆ ಇರಬೇಕು, ಮನುಷ್ಯನ ಬಗ್ಗೆ ಅಲ್ಲ. ಯಾರು ಯಾವಾಗ ಏನು ಬದಲಿಸಿದರು ಎಂಬುದೆಲ್ಲಾ ‘ಇತಿಹಾಸ’ದಲ್ಲಿ ದಾಖಲಾಗಿರುತ್ತದೆ, ಸಾಮಾನ್ಯವಾಗಿ ಯಾರು ಬೇಕಾದರೂ ತೆರೆದು ನೋಡಬಹುದು. ‘ನಾನು ಹಾಗೆ ಹೇಳಲೇ ಇಲ್ಲ’ ಎನ್ನುವ ಅವಕಾಶ ಇಲ್ಲ. ನಮ್ಮ ಫ್ಯಾಮಿಲಿ ಗ್ರೂಪುಗಳಲ್ಲಿ ಮೆಸೇಜ್ ಡಿಲೀಟ್ ಮಾಡಿ, ಸಿಟ್ಟಿನಲ್ಲಿ ಲೆಫ್ಟ್ ಆಗಿ, ಮತ್ತೆ ಮದುವೆ ಬಂದಾಗ ಆ್ಯಡ್ ಮಾಡಿಸಿಕೊಳ್ಳುವ ಕ್ರಮಕ್ಕೆ ಹೋಲಿಸಿ ನೋಡಿ.

ಗೋಕಾಕದ ನೆರೆಯ ಹುಕ್ಕೇರಿಯ ವಿಷಯ ಬೇರೆ ಬಗೆಯದು. ಆದಿಲ್‌ಶಾಹಿ ಕಾಲದ ಗುಮ್ಮಟಗಳಿರುವ ಊರು ಅದು. ಬಿಜಾಪುರಕ್ಕೆ ಇಲ್ಲಿಂದ ಹೂವು ಹೋಗುತ್ತಿತ್ತು, ‘ಹೂವಿನ ಕೇರಿ’ಯೇ ಹುಕ್ಕೇರಿ ಆಯಿತು ಎಂದು ಹೇಳುವುದುಂಟು. ಕೇಳಲು ಚೆಂದ. ಇಂಥ ಕಡೆ ಸಮುದಾಯ ಕಂಡುಕೊಂಡ ದಾರಿ ಎಂದರೆ ‘ಹೀಗೆ’ ಎಂದು ಬರೆಯದೆ ‘ಹೀಗೆ ಹೇಳುತ್ತಾರೆ’ ಎಂದು ಬರೆದು, ಹೇಳಿದವರು ಯಾರೆಂದು ಪಕ್ಕದಲ್ಲೇ ಇಡುವುದು. ನಮ್ಮ ಹೆಸರಿನದೂ ಇದೇ ಕಥೆ. ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರದಿಂದ ‘ಬ್ಯಾರಿ’ ಬಂತು ಎನ್ನುವವರಿದ್ದಾರೆ. ಅರಬಿಯ ‘ಬಹ್ರ್’, ಅಂದರೆ ಸಮುದ್ರದಿಂದ ಬಂತು ಎನ್ನುವವರಿದ್ದಾರೆ. ಮಲಬಾರಿಯಿಂದ ಎನ್ನುವವರೂ ಇದ್ದಾರೆ. ಮೂರನ್ನೂ ಬರೆದು ಮೂವರ ಹೆಸರು ಇಟ್ಟರೆ ಓದುವ ಹುಡುಗನಿಗೆ ತಾನೇ ತೂಗಿ ನೋಡಲು ಜಾಗ ಸಿಗುತ್ತದೆ. ಒಂದನ್ನೇ ಉಳಿಸಿ ಎರಡನ್ನು ಅಳಿಸಿದರೆ, ಅಳಿಸಿದವರು ಗೆದ್ದ ಹಾಗೆ ಕಾಣುತ್ತದೆ, ಅಷ್ಟೇ.

ಮೂಡಲಗಿಯದ್ದು ಭಿನ್ನಾಭಿಪ್ರಾಯವೇ ಅಲ್ಲ, ಬದಲಾವಣೆ. ನನ್ನ ಪ್ರಕಾರ ಹೆಚ್ಚು ಕಷ್ಟದ್ದು ಇದೇ. ಮೂಡಲಗಿ ಮೊದಲು ಗೋಕಾಕ ತಾಲ್ಲೂಕಿನಲ್ಲಿತ್ತು. 2017-18ರ ಬಜೆಟ್‌ನಲ್ಲಿ 49 ಹೊಸ ತಾಲ್ಲೂಕುಗಳ ಘೋಷಣೆಯಾಯಿತು. ಅದೇ ವರ್ಷ ಪಟ್ಟಿಯಲ್ಲಿ ಮೂಡಲಗಿಯ ಹೆಸರು ಬಿಟ್ಟುಹೋದಾಗ ಜನ ಬೀದಿಗಿಳಿದರು, ಹೋರಾಟವಾಯಿತು, ಹೆಸರು ಮತ್ತೆ ಸೇರಿತು. ಆ ತಿಂಗಳುಗಳಲ್ಲಿ ಪುಟ ತಿದ್ದಲು ಕೂತವನ ಪಾಡು ಯೋಚಿಸಿ ಮಾರಾಯ್ರೇ. ಇವತ್ತು ತಾಲ್ಲೂಕು ಎಂದು ಬರೆಯಬೇಕು, ನಾಳೆ ಅಳಿಸಬೇಕು, ನಾಡಿದ್ದು ಮತ್ತೆ ಬರೆಯಬೇಕು. ಪ್ರತಿ ಸಲವೂ ಕೈಯಲ್ಲಿ ಪೇಪರ್ ಕಟಿಂಗ್ ಇರುತ್ತದೆ, ಪ್ರತಿ ಸಲವೂ ಯಾರಿಗೋ ಬೇಜಾರು.

ತಾಲ್ಲೂಕು ಆದ ಮೇಲೆ ಕೆಲಸ ಮುಗಿಯಿತೆಂದಲ್ಲ. ಕುಲಗೋಡ, ಕಲ್ಲೋಳಿ, ನಾಗನೂರ ಎಲ್ಲವೂ ಹಳೆಯ ಪುಸ್ತಕಗಳಲ್ಲಿ ‘ಗೋಕಾಕ ತಾಲ್ಲೂಕು’. ಕುಲಗೋಡ ತಮ್ಮಣ್ಣ ಎಂದರೆ ಶ್ರೀಕೃಷ್ಣ ಪಾರಿಜಾತ ಆಟಕ್ಕೆ ರೂಪ ಕೊಟ್ಟ ದೊಡ್ಡ ಹೆಸರು. ಅವರ ಊರು ಯಾವ ತಾಲ್ಲೂಕು ಎಂದು ಬರೆಯುತ್ತೀರಿ? ಅವರ ಕಾಲದ್ದೋ, ಈಗಿನದ್ದೋ? 2011ರ ಜನಗಣತಿಯ ಗೋಕಾಕ ತಾಲ್ಲೂಕಿನ ಅಂಕಿಯಲ್ಲಿ ಮೂಡಲಗಿಯ ಜನವೂ ಸೇರಿದ್ದಾರೆ. ಆ ಅಂಕಿಯನ್ನು ಈಗಿನ ಗೋಕಾಕಕ್ಕೆ ಹಾಗೇ ಅಂಟಿಸಿದರೆ ಲೆಕ್ಕ ತಪ್ಪು. ಆಧಾರ ಸರಿ ಇದ್ದೂ ವಾಕ್ಯ ತಪ್ಪಾಗುವುದು ಹೀಗೆ. ಇದಕ್ಕೆ ಇರುವ ಮದ್ದು ಸಣ್ಣದು: ಇಸವಿ ಬರೆಯುವುದು. ‘2011ರ ಜನಗಣತಿಯ ಪ್ರಕಾರ, ಆಗಿನ ಗೋಕಾಕ ತಾಲ್ಲೂಕು.’ ಹಳೆಯದನ್ನು ಅಳಿಸಬೇಕಾಗಿಲ್ಲ, ಹೊಸದನ್ನು ತಡೆಯಬೇಕಾಗಿಲ್ಲ.

ಕರಾವಳಿಯ ನಮಗೆ ಇದು ಹೊಸದೇನಲ್ಲ. 1997ಕ್ಕಿಂತ ಮುಂಚಿನ ಪುಸ್ತಕ ತೆರೆದರೆ ಉಡುಪಿಯವರೆಲ್ಲಾ ದಕ್ಷಿಣ ಕನ್ನಡ ಜಿಲ್ಲೆಯವರೇ. ಉಳ್ಳಾಲದ ಅಜ್ಜನ ದಾಖಲೆಯಲ್ಲಿ ಮಂಗಳೂರು ತಾಲ್ಲೂಕು, ಮೊಮ್ಮಗನ ದಾಖಲೆಯಲ್ಲಿ ಉಳ್ಳಾಲ ತಾಲ್ಲೂಕು. 2014ರ ನವೆಂಬರ್ 1ರಂದು ಸರ್ಕಾರ ಬೆಳಗಾವಿ, ಮಂಗಳೂರು, ಬೆಂಗಳೂರು ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಬದಲಿಸಿತು. ಇಂಗ್ಲಿಷ್ ವಿಕಿಪೀಡಿಯದವರು ಮಾತ್ರ ‘ಜನ ಯಾವ ಹೆಸರು ಹೆಚ್ಚು ಬಳಸುತ್ತಾರೆ’ ಎಂದು ಕೇಳುತ್ತಾ ‘ಬ್ಯಾಂಗಲೋರ್’ ಎಂಬ ತಲೆಬರಹವನ್ನು ವರ್ಷಗಟ್ಟಲೆ ಬಿಟ್ಟುಕೊಡಲಿಲ್ಲ. ನಾವು ಮನೆಯಲ್ಲಿ ಇಂದಿಗೂ ಮೈಕಾಲ ಎಂದೇ ಹೇಳುತ್ತೇವೆ. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಾಗಿಲ್ಲ.

ಬದಲಾವಣೆ ಹೊರಗಿನಿಂದ ಬಂದು ಬಾಗಿಲು ತಟ್ಟಿದಾಗ ಏನಾಗುತ್ತದೆ ಎಂಬುದಕ್ಕೆ ಕನ್ನಡ ವಿಕಿಪೀಡಿಯದಲ್ಲೇ ಒಂದು ಪಾಠ ಇದೆ. 2009ರಿಂದ 2011ರವರೆಗೆ ಗೂಗಲ್ ಕಂಪೆನಿ ಹಣ ಕೊಟ್ಟು ಇಂಗ್ಲಿಷ್ ಲೇಖನಗಳನ್ನು ಭಾರತದ ಹಲವು ಭಾಷೆಗಳಿಗೆ ಅನುವಾದ ಮಾಡಿಸಿತು. ಲೇಖನಗಳು ರಾಶಿ ರಾಶಿಯಾಗಿ ಬಂದು ಬಿದ್ದವು. ಬಂಗಾಳಿಯವರು ಭಾಷೆ ಸರಿಯಿಲ್ಲ ಎಂದು ತಡೆದರು. ತಮಿಳಿನವರು ಮಾತುಕತೆಗೆ ಕೂತರು: ವಿಷಯ ನಾವು ಹೇಳುತ್ತೇವೆ, ತಪ್ಪು ನೀವು ತಿದ್ದಬೇಕು. ಆ ಅನುಭವವನ್ನು 2010ರಲ್ಲಿ ಪೋಲೆಂಡ್‌ನಲ್ಲಿ ನಡೆದ ವಿಕಿಪೀಡಿಯನ್ನರ ಸಮ್ಮೇಳನದಲ್ಲೂ ಹೇಳಿಕೊಂಡರು. ಕನ್ನಡದಲ್ಲಿ ಆಗ ಇದ್ದ ಕೆಲವೇ ಜನಕ್ಕೆ ಅಷ್ಟು ಗಟ್ಟಿಯಾಗಿ ಕೂತು ಮಾತಾಡಲು ಆಗಲಿಲ್ಲ. ಉದ್ದುದ್ದ, ಕನ್ನಡದ ಅಕ್ಷರದಲ್ಲಿದ್ದೂ ಕನ್ನಡವಲ್ಲದ ಲೇಖನಗಳು ಉಳಿದವು. ಅವನ್ನು ತಿದ್ದುವ ಕೆಲಸ ವರ್ಷಾನುಗಟ್ಟಲೆ ಸ್ವಯಂಸೇವಕರ ತಲೆಯ ಮೇಲೆ ಬಿತ್ತು. ಜಗಳವೇ ಆಗದ ಜಾಗದಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ತಿಳಿಯುವ ಹಾಗಿಲ್ಲ. ಕಟ್ಟೆಯಲ್ಲಿ ಜನವೇ ಇಲ್ಲದಿರಬಹುದು.

ಇದಕ್ಕಿಂತ ಕೆಟ್ಟದ್ದು ಸ್ಕಾಟ್ಸ್ ಭಾಷೆಗೆ ಆಯಿತು. ಆ ಭಾಷೆಯ ವಿಕಿಪೀಡಿಯದ ದೊಡ್ಡದೊಂದು ಪಾಲನ್ನು ಭಾಷೆಯೇ ಸರಿಯಾಗಿ ಬಾರದ ಅಮೆರಿಕದ ಒಬ್ಬ ಹುಡುಗ ಚಿಕ್ಕ ವಯಸ್ಸಿನಿಂದ ಬರೆದುಕೊಂಡು ಬಂದಿದ್ದ ಎಂಬುದು ಬಯಲಾದದ್ದು 2020ರ ಆಗಸ್ಟ್‌ನಲ್ಲಿ. ಅವನದು ಕೆಟ್ಟ ಉದ್ದೇಶವಲ್ಲ, ಆಸಕ್ತಿ. ಇಷ್ಟು ವರ್ಷ ತಡೆದು ಕೇಳುವವರೇ ಇರಲಿಲ್ಲ. ಬಯಲಾದ ಮೇಲೆ ಆ ಹುಡುಗನ ಮೇಲೆ ಮುಗಿಬಿದ್ದವರೂ ಇದ್ದರು. ಭಾಷೆ ಬಲ್ಲವರು ಕೂತು ತಿದ್ದಲು ತೊಡಗಿದ್ದೂ ಆಯಿತು.

ನೆರೆಯ ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಕನ್ನಡ ಲಿಪಿಯಲ್ಲೇ ಲೋಕಾರ್ಪಣೆಯಾಯಿತು. ನಮ್ಮಲ್ಲಿ ಅಕಾಡೆಮಿ ಬಂದದ್ದು 2007ರಲ್ಲಿ, ಬ್ಯಾರಿಗೆಂದೇ ಹೊಸ ಲಿಪಿ ಬಿಡುಗಡೆಯಾದದ್ದು 2020ರಲ್ಲಿ. ಬ್ಯಾರಿಯಲ್ಲಿ ಬರೆಯುವವರು ಯಾವ ಲಿಪಿ ಹಿಡಿಯಬೇಕು, ಉಳ್ಳಾಲದ ಬ್ಯಾರಿಯೋ ಪುತ್ತೂರಿನ ಬ್ಯಾರಿಯೋ, ಇದೆಲ್ಲಾ ಮುಂದೆ ಬರುವ ಜಗಳಗಳು. ಬರಲಿ. ಭಾಷೆ ಬಲ್ಲ ಹತ್ತು ಜನ ಕಟ್ಟೆಯಲ್ಲಿ ಕೂತು ವಾದ ಮಾಡುವುದು ಒಳ್ಳೆಯದೇ.

ಒಂದು ಅಸಮಾಧಾನ ನನಗೆ ಉಳಿದಿದೆ. ಅಚ್ಚಾದ ಆಧಾರ ಬೇಕು ಎಂಬ ನಿಯಮ ಗೋಕಾಕದ ಗಿರಣಿಗೆ ಸರಿ. ಉಮ್ಮಂದಿರ ಬಾಯಲ್ಲಿರುವ ಹಾಡು, ಗಾದೆ, ಅಡುಗೆಯ ಹೆಸರುಗಳಿಗೆ ಯಾವ ಪುಸ್ತಕ ತೋರಿಸುವುದು? ಎಂಬತ್ತು ವರ್ಷದ ಅಜ್ಜಿಯ ಮಾತು ಅಲ್ಲಿ ಆಧಾರವಾಗುವುದಿಲ್ಲ, ಆ ಮಾತನ್ನು ಕೇಳಿ ಯಾರೋ ಬರೆದ ಪುಸ್ತಕ ಆಗುತ್ತದೆ. ಇದು ನ್ಯಾಯವೇ ಎಂದು ಆ ಸಮುದಾಯದ ಒಳಗೇ ಚರ್ಚೆ ಇದೆ. ಸದ್ಯಕ್ಕೆ ದಾರಿ ಒಂದೇ: ಮೊದಲು ಅಚ್ಚು ಹಾಕುವುದು. ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಬಂದರೆ ಸ್ವಲ್ಪ ತೂಕ, ಪತ್ರಿಕೆಯಲ್ಲಿ ಬಂದರೆ ಇನ್ನೂ ಸ್ವಲ್ಪ, ಪುಸ್ತಕವಾದರೆ ಚೆನ್ನಾಗಿಯೇ ನಿಲ್ಲುತ್ತದೆ.

ಹೊಸಬರಿಗೆ ಹಳಬರು ಗದರುವುದೂ ಅಲ್ಲಿ ಉಂಟು. ‘ಹೊಸಬರನ್ನು ಕಚ್ಚಬೇಡಿ’ ಎಂದೇ ಒಂದು ನಿಯಮ ಬರೆದಿಟ್ಟಿದ್ದಾರೆ ಎಂದ ಮೇಲೆ ಕಚ್ಚುವವರು ಇದ್ದಾರೆ ಎಂದಾಯಿತಲ್ಲ. ಮೊದಲ ದಿನವೇ ದೊಡ್ಡ ಲೇಖನಕ್ಕೆ ಕೈ ಹಾಕದೆ ನಿಮ್ಮ ಊರಿನ ಪುಟದ ಒಂದು ಕಾಗುಣಿತ ತಿದ್ದಿ, ಏಕೆ ತಿದ್ದಿದಿರಿ ಎಂದು ಕೆಳಗಿನ ಸಾರಾಂಶದ ಜಾಗದಲ್ಲಿ ಒಂದು ಸಾಲು ಬರೆಯಿರಿ. ಖಾತೆ ತೆರೆಯಲು ನಿಜ ಹೆಸರು ಕೊಡಬೇಕೆಂದಿಲ್ಲ, ಫೋನ್ ನಂಬರೂ ಬೇಡ. ಮನೆಯ ಹೆಣ್ಣುಮಕ್ಕಳಿಗೆ ಇದು ಗೊತ್ತಿದ್ದರೆ ಒಳ್ಳೆಯದು.