ಮೊದಲು ನೀರು, ಆಮೇಲೆ ಸೀಸೆ

ಫ್ರಾನ್ಸ್ ದೇಶದ ಲ ಮಾನ್ ಎಂಬ ಊರಿನಲ್ಲಿ ವರ್ಷಕ್ಕೊಮ್ಮೆ ಇಪ್ಪತ್ತನಾಲ್ಕು ತಾಸಿನ ಮೋಟಾರು ಪಂದ್ಯ ನಡೆಯುತ್ತದೆ. 1951ರಲ್ಲಿ ಅದನ್ನು ಗೆದ್ದದ್ದು ಇಂಗ್ಲೆಂಡಿನ ಜಾಗ್ವಾರ್ ಸಿ-ಟೈಪ್ ಕಾರು. ಮರುವರ್ಷ ಜರ್ಮನಿಯ ಮರ್ಸಿಡಿಸ್ ಕಾರುಗಳ ವೇಗವನ್ನು ಕಂಡು ಜಾಗ್ವಾರಿನವರು ದಿಗಿಲುಗೊಂಡರು. ಗಾಳಿಯನ್ನು ಇನ್ನಷ್ಟು ಸಲೀಸಾಗಿ ಸೀಳಲೆಂದು ತಮ್ಮ ಕಾರಿನ ಮೂತಿಯನ್ನು ಉದ್ದಮಾಡಿ ತಗ್ಗಿಸಿದರು. ಮೂತಿ ತಗ್ಗಿದ್ದರಿಂದ ನೀರಿನ ಏರ್ಪಾಡನ್ನೂ ಬದಲಿಸಬೇಕಾಯಿತು. ಫಲವೇನು? ಪಂದ್ಯಕ್ಕಿಳಿದ ಮೂರು ಕಾರುಗಳೂ ಕಾದು ಕುದಿದು, ಕೆಲವೇ ತಾಸುಗಳಲ್ಲಿ ಕಣದಿಂದ ಹೊರಬಿದ್ದವು. 1953ರಲ್ಲಿ ಆ ಮೂತಿಯನ್ನು ಕೈಬಿಟ್ಟರು. ಗೆಲುವು ಮತ್ತೆ ಅವರದಾಯಿತು.

ಇದು ಪಂದ್ಯದ ಕಾರಿನ ಕಥೆಯಾದರೂ ಇದರ ನೀತಿ ಹಳೆಯ ಕಾರು ಸಾಕಿದವರಿಗೆಲ್ಲ ಸಲ್ಲುತ್ತದೆ. ಕಾರು ಕಾದರೆ, ಏರಿನಲ್ಲಿ ಕಟಕಟ ಸದ್ದು ಮಾಡಿದರೆ, ಟ್ಯಾಂಕಿಗೆ ಸುರಿಯುವ ಔಷಧದ ಸೀಸೆಗಾಗಿ ಅಂಗಡಿಗೆ ಓಡುವವರೇ ಹೆಚ್ಚು. ಆದರೆ ರೋಗದ ಮೂಲ ಬಹುಮಟ್ಟಿಗೆ ನೀರಿನ ದಾರಿಯಲ್ಲಿರುತ್ತದೆ.

ಪೆಟ್ರೋಲು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೋಗುತ್ತದೆ. ಉಳಿದುದನ್ನು ನೀರೇ ಹೊತ್ತು ರೇಡಿಯೇಟರಿಗೆ ಸಾಗಿಸಬೇಕು. 1948ರ ಜಾಗ್ವಾರ್ ಎಕ್ಸ್‌ಕೆ 120 ಕಾರಿನ 3442 ಘನ ಸೆಂಟಿಮೀಟರಿನ ಎಂಜಿನು 160 ಅಶ್ವಶಕ್ತಿ ಕೊಡುತ್ತಿತ್ತು. ಅಂಥ ಯಂತ್ರದ ಶಾಖ ಎಷ್ಟಿದ್ದೀತೆಂದು ವಾಚಕರೇ ಊಹಿಸಬಹುದು.

ರೇಡಿಯೇಟರಿನ ಮುಚ್ಚಳವನ್ನು ಬರಿಯ ಮುಚ್ಚಳವೆಂದು ತಿಳಿಯಬಾರದು. ಅದು ಒಳಗೆ ಒತ್ತಡವನ್ನು ಹಿಡಿದಿಟ್ಟು ನೀರು ಬೇಗ ಕುದಿಯದಂತೆ ತಡೆಯುತ್ತದೆ. ಚದರಂಗುಲಕ್ಕೆ 7 ಪೌಂಡಿನ ಮುಚ್ಚಳವಿದ್ದರೆ ನೀರು 100ರ ಬದಲು ಸುಮಾರು 111 ಡಿಗ್ರಿಯಲ್ಲಿ ಕುದಿಯುತ್ತದೆ. ಮುಂಬಯಿಯಿಂದ ಪುಣೆಗೆ ಘಾಟು ಹತ್ತುವಾಗ ಇದರ ಬೆಲೆ ತಿಳಿಯುತ್ತದೆ. ಎಂಜಿನಿಗೆ ಭಾರ ಹೆಚ್ಚು, ವೇಗ ಕಡಮೆ, ಆದ್ದರಿಂದ ಗಾಳಿಯೂ ಕಡಮೆ. ಮೇಲಾಗಿ ಖಂಡಾಲದ ಎತ್ತರದಲ್ಲಿ ನೀರು ಸುಮಾರು 2 ಡಿಗ್ರಿ ಮೊದಲೇ ಕುದಿಯುತ್ತದೆ. ಮುಚ್ಚಳದ ರಬ್ಬರು ಒಣಗಿ ಸೀಳಿದ್ದರೆ ಒತ್ತಡ ನಿಲ್ಲುವುದಿಲ್ಲ. ಆದರೆ ಕಾದ ಕಾರಿನ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬಾರದು. ಬಿಸಿನೀರು ಚಿಮ್ಮಿ ಮುಖ ಸುಡುತ್ತದೆ.

ಇನ್ನು ಸೀಸೆಯ ವಿಚಾರ. ಪೆಟ್ರೋಲು ಕಿಡಿಯಿಂದ ಹದವಾಗಿ ಉರಿಯುವ ಬದಲು ಒತ್ತಡಕ್ಕೂ ಶಾಖಕ್ಕೂ ತಾನಾಗಿ ಸಿಡಿದರೆ ಕಟಕಟ ಸದ್ದು ಏಳುತ್ತದೆ. ಇದನ್ನು ತಡೆದುಕೊಳ್ಳುವ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ. 1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯಲ್ಲಿದ್ದ ಥಾಮಸ್ ಮಿಡ್ಜ್‌ಲಿ ಎಂಬವನು ಸೀಸದ ಒಂದು ಸಂಯುಕ್ತವನ್ನು ತುಸುವೇ ಬೆರೆಸಿದರೂ ಈ ಸದ್ದು ಅಡಗುವುದೆಂದು ಕಂಡುಹಿಡಿದನು. ಅದರ ಬೆಲೆ ಬೇಗನೆ ತಿಳಿಯಿತು. 1924ರಲ್ಲಿ ನ್ಯೂಜೆರ್ಸಿಯ ಒಂದು ಕಾರ್ಖಾನೆಯಲ್ಲಿ ಐವರು ಕೆಲಸಗಾರರು ಸೀಸದ ವಿಷವೇರಿ, ಚಿತ್ತಭ್ರಮೆಗೊಂಡು ಸತ್ತರು. ಆದರೂ ಮಾರಾಟ ನಿಲ್ಲಲಿಲ್ಲ. ರಸ್ತೆಯ ಹೊಗೆಯಲ್ಲಿ ಬಂದ ಸೀಸ ಎಳೆಯ ಮಕ್ಕಳ ಮಿದುಳಿಗೆ ಹಾನಿಮಾಡಿತು. ನಮ್ಮ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತದ್ದು 2000ದಲ್ಲಿ; ಕಟ್ಟಕಡೆಗೆ ಅಲ್ಜೀರಿಯದಲ್ಲಿ ನಿಂತದ್ದು 2021ರಲ್ಲಿ.

ಸೀಸವಿಲ್ಲದೆ ಹಳೆಯ ಕಾರು ಕೆಟ್ಟೀತೆಂಬ ಅಂಜಿಕೆ ಕೆಲವರಿಗುಂಟು. ಮೆದು ಕಬ್ಬಿಣದ ವಾಲ್ವಿನ ಪೀಠವನ್ನು ಸೀಸ ಸವೆಯದಂತೆ ಕಾಯುತ್ತಿದ್ದುದು ನಿಜ. ಗಟ್ಟಿಲೋಹದ ಪೀಠಗಳನ್ನು ಒಮ್ಮೆ ಕೂರಿಸಿದರೆ ಆ ಚಿಂತೆ ತೀರಿತು. ಎಕ್ಸ್‌ಕೆಯಂಥ ಅಲ್ಯುಮಿನಿಯಂ ತಲೆಯ ಎಂಜಿನುಗಳಲ್ಲಿ ಪೀಠಗಳನ್ನು ಮೊದಲೇ ಬೇರೆಯಾಗಿ ಕೂರಿಸಿರುತ್ತಾರೆ.

ಈಗಿನ ಪ್ರಶ್ನೆ ಎಥನಾಲಿನದು. 2025ರ ಹೊತ್ತಿಗೆ ನಮ್ಮ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಸೇರಿತು. ಇದರಿಂದ ಆಕ್ಟೇನ್ ಏರುತ್ತದೆ. ಹಾಗಾಗಿ ಕಡಮೆ ಒತ್ತಡದ ಹಳೆಯ ಎಂಜಿನುಗಳಿಗೆ ಆಕ್ಟೇನ್ ಸೀಸೆ ಸುರಿಯುವುದು ಹಣವನ್ನು ಹೊಗೆಮಾಡಿದಂತೆ. ಆದರೆ ಎಥನಾಲ್ ಹಳೆಯ ರಬ್ಬರು ಕೊಳವೆಗಳನ್ನು ತಿನ್ನುತ್ತದೆ, ತೇವವನ್ನು ಹೀರಿ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಸೋರುವ ಪೆಟ್ರೋಲು ಬೆಂಕಿಗೆ ಆಹ್ವಾನ. ಆದ್ದರಿಂದ ಕೊಳವೆಗಳನ್ನು ಎಥನಾಲ್ ತಾಳುವಂಥವುಗಳಿಗೆ ಬದಲಾಯಿಸುವುದು ಅಗತ್ಯ. ಕಾರ್ಬ್ಯುರೇಟರಿನ ಹದವನ್ನೂ ನೋಡಿಸಬೇಕು. ತಿಂಗಳುಗಟ್ಟಲೆ ನಿಲ್ಲುವ ಕಾರಿನಲ್ಲಿ ಪೆಟ್ರೋಲನ್ನು ಹಳಸಲು ಬಿಡಬಾರದು.

ನೀರಿನ ಆರೈಕೆ ಇದಕ್ಕಿಂತ ಸುಲಭ. ಬೋರಿನ ಗಡಸು ನೀರು ಬೇಡ. ಮನೆಯ ಹಂಡೆಯಲ್ಲಿ ಕಟ್ಟುವ ಸುಣ್ಣದ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಶುದ್ಧೀಕರಿಸಿದ ನೀರಿಗೆ ಸಮಪಾಲು ಗ್ಲೈಕಾಲ್ ಕೂಲೆಂಟನ್ನು ಬೆರೆಸಿದರೆ ಕುದಿಯುವ ಮಟ್ಟ ಏರುತ್ತದೆ, ತುಕ್ಕೂ ತಡೆಯುತ್ತದೆ. ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳ ಕೈಗೂ ನಾಯಿಯ ಬಾಯಿಗೂ ಸಿಗದಂತೆ ಇಡಬೇಕು. ಥರ್ಮೋಸ್ಟಾಟನ್ನು ಕಿತ್ತೆಸೆಯುವ ಮೇಸ್ತ್ರಿಯ ಮಾತಿಗೆ ಒಪ್ಪದೆ ಹೊಸದನ್ನು ಹಾಕಿಸಬೇಕು. ಬೆಲ್ಟು, ಪಂಪು, ಕೊಳವೆಗಳನ್ನು ದೂರ ಪ್ರಯಾಣಕ್ಕೆ ಮೊದಲೇ ನೋಡಿಸಬೇಕು.

ಇಷ್ಟು ಮಾಡಿದ ಮೇಲೂ ಸದ್ದು ಉಳಿದರೆ ಕಿಡಿಯ ಹೊತ್ತನ್ನು ಸರಿಪಡಿಸಿ ನೋಡಿರಿ. ಸೀಸೆಯ ಸರದಿ ಬರುವುದು ಅದರ ನಂತರ. ಅಷ್ಟರಲ್ಲಿ ಹೆಚ್ಚಿನ ಕಾರುಗಳು ಗುಣವಾಗಿರುತ್ತವೆ.